ಎದೆ ಡವಡವ ಅಂದಾಗ: ಮೈ ಕೊಡುವ ಸೂಚನೆ ಹಿಡಿದು ಸಿಟ್ಟು, ಭಯ, ಸಂಕಟ ನಿಭಾಯಿಸುವುದು ಹೇಗೆ?

ನಮಗೆ ಸಿಟ್ಟು ಬಂದಿದೆ ಅಂತ ನಮಗೇ ಗೊತ್ತಾಗುವುದು ಯಾವಾಗ? ಬಹಳಷ್ಟು ಸಲ ಬೈದು ಮುಗಿದ ಮೇಲೆ. ದಿನವಿಡೀ ಒಳಗೊಳಗೇ ಹೆದರಿದ್ದೆವು ಅಂತ ಗೊತ್ತಾಗುವುದು ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ. ಆದರೆ ಮೈಗೆ ಅದು ಬಹಳ ಮೊದಲೇ ಗೊತ್ತಿರುತ್ತದೆ. ದವಡೆ ಬಿಗಿದಿರುತ್ತದೆ. ಕಿವಿ ಬಿಸಿಯಾಗಿರುತ್ತದೆ. ಹೊಟ್ಟೆಯೊಳಗೆ ಏನೋ ತೊಳಸಿದ ಹಾಗೆ ಆಗಿರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಗಮನಿಸಿದ್ದರೆ ಮಾತು ಬೇರೆ ಆಗುತ್ತಿತ್ತು, ಅಲ್ವಾ?

ಜೋಳದ ರೊಟ್ಟಿ ಬೇಯಿಸುವವರಿಗೆ ಇದು ಚೆನ್ನಾಗಿ ಗೊತ್ತು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಹಚ್ಚಿದ ನೀರು ಆರುತ್ತಿದ್ದಂತೆ ಅದನ್ನು ತಿರುವಬೇಕು. ಹೊಗೆ ಬರುವ ತನಕ ಕಾದರೆ ಏನೂ ಉಳಿಯುವುದಿಲ್ಲ. ಕೆಟ್ಟ ಭಾವನೆಗಳನ್ನು ನಿಭಾಯಿಸುವುದೂ ಹಾಗೆಯೇ ಹೊತ್ತಿನ ಮೇಲೆ ನಿಂತಿದೆ. ಮೈ ಕೊಡುವ ಸಣ್ಣ ಸೂಚನೆಯನ್ನು ಬೇಗ ಹಿಡಿಯುವುದು, ಹಿಡಿದ ಮೇಲೆ ಅದಕ್ಕೆ ಹೆದರದೆ ಇರುವುದು, ಆಮೇಲೆ ಮುಂದಿನ ಕೆಲಸ ಮಾಡುವುದು. ಈ ಮೂರನ್ನು ಅಭ್ಯಾಸ ಮಾಡಿಕೊಳ್ಳುವ ದಾರಿಯನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬದುಕನ್ನೂ ಇಲ್ಲಿನ ಬಿಸಿಲನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ಎಸಿ ರೂಮಿನಲ್ಲಿ ಕೂತು ಕಲಿಸುವ ಪಾಠ ಮೇ ತಿಂಗಳ ಮಧ್ಯಾಹ್ನ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಮೊದಲು ಡಾಕ್ಟರ್, ಆಮೇಲೆ ಅಭ್ಯಾಸ

ಎದೆನೋವು ಕೈಗೆ, ದವಡೆಗೆ, ಬೆನ್ನಿಗೆ ಹರಡಿದರೆ, ತಣ್ಣನೆ ಬೆವರು ಬಂದರೆ, ಉಸಿರು ಸಿಗದಿದ್ದರೆ, ಮುಖ ಒಂದು ಕಡೆ ಸೊಟ್ಟಗಾಗಿ ಮಾತು ತೊದಲಿದರೆ "ಟೆನ್ಷನ್ ಇರಬೇಕು" ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ: ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್.

ಇಷ್ಟು ತುರ್ತಿಲ್ಲದಿದ್ದರೂ ಒಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತ ಕಡಿಮೆ ಇದ್ದರೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಶುಗರ್ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಬೆವರು, ನಡುಕ, ಗಾಬರಿ ಎಲ್ಲ ಒಟ್ಟಿಗೇ ಬರುತ್ತವೆ. ಇವನ್ನೆಲ್ಲ ಮನಸ್ಸಿನ ತಲೆಗೆ ಕಟ್ಟುವುದು ತಪ್ಪು.

ಒಳಗೆ ನಡೆಯುವುದೇನು?

ಹೃದಯ, ಶ್ವಾಸಕೋಶ, ಹೊಟ್ಟೆ, ಕರುಳು, ಚರ್ಮ, ಇವೆಲ್ಲ ತಮ್ಮ ಸ್ಥಿತಿಯನ್ನು ಮಿದುಳಿಗೆ ತಿಳಿಸುತ್ತಲೇ ಇರುತ್ತವೆ. ಇದರಲ್ಲಿ ವೇಗಸ್ ಅನ್ನುವ ನರದ ಪಾತ್ರ ದೊಡ್ಡದು. ಮಿದುಳಿನ ಬುಡದಿಂದ ಹೊಟ್ಟೆಯ ತನಕ ಇಳಿಯುವ ಈ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಕೆಳಗಿನಿಂದ ಮೇಲಕ್ಕೆ, ಅಂದರೆ ಮೈಯಿಂದ ಮಿದುಳಿಗೆ ಸುದ್ದಿ ಒಯ್ಯುತ್ತವೆ. ಮಿದುಳಿನಲ್ಲಿ ಇನ್ಸುಲಾ ಅನ್ನುವ ಭಾಗ ಈ ಸುದ್ದಿಯನ್ನೆಲ್ಲ ಕೂಡಿಸಿ "ನನಗೆ ಹೀಗಾಗುತ್ತಿದೆ" ಅನ್ನುವ ಅನುಭವ ಕಟ್ಟುವುದರಲ್ಲಿ ಮುಖ್ಯ ಕೆಲಸ ಮಾಡುತ್ತದೆ.

ಈ ವಿಚಾರ ಹೊಸದಲ್ಲ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲೇ ಒಂದು ವಾದ ಮುಂದಿಟ್ಟಿದ್ದರು: ಮೈಯಲ್ಲಿ ಮೊದಲು ಬದಲಾವಣೆ ಆಗುತ್ತದೆ, ಅದನ್ನು ನಾವು ಅನುಭವಿಸುವುದೇ ಭಾವನೆ. ಅವರ ವಾದವನ್ನು ಇಂದು ಯಾರೂ ಇದ್ದ ಹಾಗೇ ಒಪ್ಪುವುದಿಲ್ಲ. ಆದರೂ ಮೈಯನ್ನು ಬಿಟ್ಟು ಭಾವನೆ ಇಲ್ಲ ಅನ್ನುವುದು ಗಟ್ಟಿಯಾಗಿ ಉಳಿದುಕೊಂಡಿದೆ.

ಇನ್ನು, ಮೈಯ ಅರಿವು ಇದ್ದರೆ ನಿಭಾಯಿಸುವ ಶಕ್ತಿ ಹೆಚ್ಚುತ್ತದಾ? 2013ರಲ್ಲಿ ಜರ್ಮನಿಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ಮನಸ್ಸು ಕೆಡಿಸುವ ಚಿತ್ರಗಳನ್ನು ತೋರಿಸಿ, ಅದನ್ನೇ ಬೇರೆ ರೀತಿ ಯೋಚಿಸಿ ಭಾವನೆಯನ್ನು ಇಳಿಸಿಕೊಳ್ಳಿ ಅಂದರು. ಕೈಯಿಂದ ನಾಡಿ ಮುಟ್ಟದೆ ತಮ್ಮ ಎದೆಬಡಿತವನ್ನು ಸರಿಯಾಗಿ ಎಣಿಸಬಲ್ಲವರು ಈ ಕೆಲಸವನ್ನೂ ಚೆನ್ನಾಗಿ ಮಾಡಿದರು. ಒಳ್ಳೆಯ ಸುದ್ದಿಯೇ. ಆದರೆ ಇಲ್ಲೊಂದು ಕೊಕ್ಕೆ ಇದೆ. ವಿಪರೀತ ಗಾಬರಿ ಪಡುವವರೂ ಮೈಯನ್ನು ಬಹಳ ಗಮನಿಸುತ್ತಾರೆ. ಎದೆ ಒಂದು ಸಲ ಜೋರಾಗಿ ಬಡಿದರೂ ಅವರಿಗೆ ಗೊತ್ತಾಗುತ್ತದೆ. ಅದರಿಂದ ಅವರಿಗೆ ನೆಮ್ಮದಿಯೇನೂ ಸಿಗುವುದಿಲ್ಲ.

ಹಾಗಾದರೆ ಗಮನಿಸಿದರೆ ಮಾತ್ರ ಸಾಲದು, ಹೇಗೆ ಗಮನಿಸುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಸಂಶೋಧಕ ವೊಲ್ಫ್ ಮೆಹ್ಲಿಂಗ್ ಮತ್ತು ಸಂಗಡಿಗರು 2012ರಲ್ಲಿ ತಯಾರಿಸಿದ ಪ್ರಶ್ನಾವಳಿಯಲ್ಲಿ ಮೈಯ ಅರಿವನ್ನು 8 ಭಾಗ ಮಾಡಿದ್ದಾರೆ. ಗಮನಿಸುವುದು ಅದರಲ್ಲಿ ಒಂದು ಭಾಗ ಅಷ್ಟೇ. ಗಮನಿಸಿದ್ದಕ್ಕೆ ಹೆದರದೆ ಇರುವುದು ಬೇರೆಯೇ ಒಂದು ಭಾಗ. ಮೈಯನ್ನು ನಂಬುವುದು ಇನ್ನೊಂದು. ಮುಂದೆ ಹೇಳುವ ಎಲ್ಲದಕ್ಕೂ ಇದೇ ಬುನಾದಿ.

ಮೊದಲನೇ ಹೆಜ್ಜೆ: ಆರಾಮಾಗಿರುವ ಮೈ ಹೇಗಿರುತ್ತದೆ, ನೋಡಿಕೊಳ್ಳಿ

ಸಿಟ್ಟಿನಲ್ಲಿದ್ದಾಗ ಇದನ್ನು ಕಲಿಯಲು ಆಗುವುದಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮೊದಲು, ಚಹಾ ಕುಡಿಯುವ ಮೊದಲು, ಮನೆ ಮುಂದಿನ ಕಟ್ಟೆಯ ಮೇಲೋ ಕುರ್ಚಿಯ ಮೇಲೋ ಕೂತುಕೊಳ್ಳಿ. ಇದಕ್ಕೆ ಪದ್ಮಾಸನ ಬೇಡ, ಕಣ್ಣು ಮುಚ್ಚಲೇಬೇಕು ಅಂತಲೂ ಇಲ್ಲ. ಧ್ಯಾನ ಅಂದರೆ ತಮಗಲ್ಲ ಅಂದುಕೊಂಡವರೂ ಇದನ್ನು ಮಾಡಬಹುದು.

30 ಸೆಕೆಂಡ್ ಟೈಮರ್ ಇಟ್ಟು, ಎದೆಬಡಿತವನ್ನು ಒಳಗಿನಿಂದಲೇ ಎಣಿಸಲು ನೋಡಿ. ಆಮೇಲೆ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಮತ್ತೆ 30 ಸೆಕೆಂಡ್ ಎಣಿಸಿ. ಎರಡೂ ಲೆಕ್ಕ ಹತ್ತಿರ ಹತ್ತಿರ ಬರಬಹುದು, ತಾಳೆಯಾಗದೆಯೂ ಹೋಗಬಹುದು. ಸುಮ್ಮನೆ ಕೂತಾಗ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100ರ ಒಳಗೆ ಇರುವುದು ಸಾಮಾನ್ಯ. ಇದೇ ಎಣಿಕೆಯನ್ನು ಸಂಶೋಧಕರು 1981ರಿಂದ ಪರೀಕ್ಷೆಯಾಗಿ ಬಳಸುತ್ತಿದ್ದಾರೆ. ಕೆಲವರು ಅಂದಾಜಿನ ಮೇಲೆ ಸಂಖ್ಯೆ ಹೇಳಿಬಿಡುತ್ತಾರೆ ಅನ್ನುವ ಆಕ್ಷೇಪವೂ ಅದರ ಮೇಲಿದೆ. ನಮಗೆ ಮಾರ್ಕ್ಸ್ ಬೇಕಿಲ್ಲ. ಗಮನ ಒಳಗೆ ತಿರುಗಿತಲ್ಲ, ಅಷ್ಟು ಸಾಕು.

ಎದೆಬಡಿತ ಗೊತ್ತೇ ಆಗದವರು ಬಹಳ ಜನ ಇದ್ದಾರೆ. ಅವರು ಒಮ್ಮೆ ಮಾಳಿಗೆಯ ಮೆಟ್ಟಿಲು ಹತ್ತಿಳಿದು ಬಂದು ಎಣಿಸಲಿ. ಆಗ ಗೊತ್ತಾಗುತ್ತದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಮೊಣಕಾಲು ನೋವಿನವರು ಮೆಟ್ಟಿಲ ಗೊಡವೆಗೆ ಹೋಗದೆ ಉಸಿರನ್ನೇ ಗಮನಿಸಿದರೆ ಆಯಿತು. ಜೊತೆಗೆ ದವಡೆ, ಭುಜ, ಹೊಟ್ಟೆ, ಅಂಗೈ ಈ ನಾಲ್ಕನ್ನು ಒಂದು ಸುತ್ತು ನೋಡಿಕೊಳ್ಳಿ. ಬಿಗಿ ಇದೆಯಾ, ಸಡಿಲ ಇದೆಯಾ, ಬಿಸಿಯಾ, ತಂಪಾ. ಎರಡು ಮೂರು ನಿಮಿಷದ ಕೆಲಸ.

ಎರಡನೇ ಹೆಜ್ಜೆ: ಬಿಸಿಲು, ಹಸಿವು, ಚಹಾ, ನಿದ್ದೆ ಇವುಗಳ ಲೆಕ್ಕ ಬೇರೆ ಇಡಿ

ನಮ್ಮ ಕಡೆಯವರು ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದೆಲ್ಲ ಗಲಿಬಿಲಿ ಆಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಯಾರಿಗೂ ಹೊಸದಲ್ಲ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಅಂಥ ಬಿಸಿಲಿನಲ್ಲಿ ಮೈಯನ್ನು ತಂಪು ಮಾಡಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಚರ್ಮದ ಕಡೆ ಹರಿಯುತ್ತದೆ. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತದೆ. ಇದನ್ನೆಲ್ಲ ಸರಿದೂಗಿಸಲು ಹೃದಯ ಬೇಗಬೇಗ ಬಡಿಯಬೇಕಾಗುತ್ತದೆ. ಎದೆ ಡವಡವ, ಮುಖ ಬಿಸಿ, ಬೆವರು, ತಲೆ ಭಾರ: ಸಿಟ್ಟು ಬಂದಾಗ, ಗಾಬರಿಯಾದಾಗ ಆಗುವುದೂ ಇದೇ ಅಲ್ವಾ?

ಮಧ್ಯಾಹ್ನ ಎರಡು ಗಂಟೆಗೆ ಬೈಕ್ ಮೇಲೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಮಕ್ಕಳ ಮೇಲೆ ರೇಗುತ್ತಾರೆ. ಮೈ ಬಿಸಿಲಿಗೆ ಕುದಿಯುತ್ತಿರುತ್ತದೆ. ಅದಕ್ಕೆ ಮಿದುಳು ಹತ್ತಿರದಲ್ಲಿ ಸಿಕ್ಕ ಕಾರಣವನ್ನು ಜೋಡಿಸಿಬಿಡುತ್ತದೆ: ಟಿವಿ ಜೋರಾಗಿದೆ, ಚೀಲ ದಾರಿಯಲ್ಲೇ ಬಿದ್ದಿದೆ. ಮನೆಗೆ ಬಂದ ಮೇಲೆ ಮುಖ, ಮಣಿಕಟ್ಟು ತೊಳೆದು, ಗಡಿಗೆ ನೀರೋ ಮಜ್ಜಿಗೆಯೋ ಅಂಬಲಿಯೋ ಕುಡಿದು, ಫ್ಯಾನಿನ ಕೆಳಗೆ ಕಾಲು ಗಂಟೆ ಕೂರುವ ತನಕ ಯಾವ ಜಗಳವನ್ನೂ ಎತ್ತಿಕೊಳ್ಳಬಾರದು ಅಂತ ಮನೆಯಲ್ಲಿ ಮಾತಾಡಿಕೊಳ್ಳಿ. ಅದು ನಿಜವಾದ ಸಿಟ್ಟೇ ಆಗಿದ್ದರೆ ಕಾಲು ಗಂಟೆ ಆದ ಮೇಲೂ ಇರುತ್ತದೆ. ಬಿಸಿಲಿನದ್ದಾದರೆ ಇಳಿದಿರುತ್ತದೆ.

ಹಸಿವಿನ ಲೆಕ್ಕವೂ ಹೀಗೆ. ರೋಜಾ ಇರುವವರು, ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಸಂಜೆ ಹೊತ್ತಿಗೆ ಮೈ ಹೇಗಾಗುತ್ತದೆ ಅಂತ ಮೊದಲೇ ತಿಳಿದುಕೊಂಡಿದ್ದರೆ ಆ ಕಿರಿಕಿರಿಯನ್ನು ಇನ್ನೊಬ್ಬರ ತಪ್ಪು ಅಂದುಕೊಳ್ಳುವುದಿಲ್ಲ. ಚಹಾ, ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲೇ ಸುಮಾರು ಐದು ತಾಸು ಬೇಕು. ರಾತ್ರಿ ಎಂಟಕ್ಕೆ ಕುಡಿದ ಖಡಕ್ ಚಹಾ ನಡುರಾತ್ರಿ ಒಂದು ಗಂಟೆಗೂ ಎದೆಯಲ್ಲಿ ಕೂತಿರುತ್ತದೆ. ಗುಟ್ಕಾ, ಸಿಗರೇಟು ಟೆನ್ಷನ್ ಇಳಿಸುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಆದರೆ ನಿಕೋಟಿನ್ ಎದೆಬಡಿತವನ್ನೂ ಬಿಪಿಯನ್ನೂ ಏರಿಸುತ್ತದೆ. ಇಳಿದ ಹಾಗೆ ಅನ್ನಿಸುವುದು ಚಟದ ತಹತಹ. ಹೆಣ್ಣುಮಕ್ಕಳು ತಿಂಗಳ ಮುಟ್ಟಿನ ತಾರೀಖನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ.

ಒಂದು ಎಚ್ಚರಿಕೆ. ಬಿಸಿಲಿನಲ್ಲಿದ್ದವರಿಗೆ ಮೈ ಕೆಂಡದಂತೆ ಸುಡುತ್ತಾ ಮಾತು ಅಡ್ಡಾದಿಡ್ಡಿಯಾದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲ ಹೊಡೆತ. ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೂರನೇ ಹೆಜ್ಜೆ: ನಿಮ್ಮ ಮೊದಲ ಸೂಚನೆ ಯಾವುದು?

2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 701 ಜನ ಭಾಗವಹಿಸಿದ್ದರು. ಯಾವ ಭಾವನೆ ಮೈಯ ಎಲ್ಲಿ ಕಾಣುತ್ತದೆ ಅಂತ ಅವರಿಂದ ಚಿತ್ರದಲ್ಲಿ ಬಣ್ಣ ತುಂಬಿಸಿದರು. ಸಿಟ್ಟು ತಲೆ, ಎದೆ, ಕೈಗಳಲ್ಲಿ ಜೋರಾಗಿ ಕಂಡಿತು. ದುಃಖದಲ್ಲಿ ಕೈಕಾಲು ಮಂಕಾಗಿದ್ದವು. ಇದು ಎಲ್ಲರ ಸರಾಸರಿ. ನಿಮ್ಮ ಮೈಯದ್ದು ನಿಮಗೇ ಗೊತ್ತಾಗಬೇಕು.

ಒಬ್ಬ ಕಂಡಕ್ಟರ್‌ನ ಉದಾಹರಣೆ ತಗೊಳ್ಳೋಣ. ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಬರುವ ಬಸ್ಸು. ಕಾಲಿಡಲು ಜಾಗವಿಲ್ಲ. ಚಿಲ್ಲರೆ ಯಾರ ಹತ್ತಿರವೂ ಇಲ್ಲ. ನಾಲ್ಕನೆಯವರು 500ರ ನೋಟು ಚಾಚಿದಾಗ ಅವರ ಬಾಯಿಂದ ಒಂದು ಬೈಗುಳ ಹೊರಬರುತ್ತದೆ. ಈಗ ಅಲ್ಲಿಂದ ಹಿಂದಕ್ಕೆ ಹೋಗಿ. ಬೈಯುವ ಮುಂಚೆ ದನಿ ಏರಿತ್ತು. ದನಿ ಏರುವ ಮುಂಚೆ ಕಿವಿ ಬಿಸಿಯಾಗಿತ್ತು. ಅದಕ್ಕೂ ಮುಂಚೆ? ಟಿಕೆಟ್ ಮಷಿನ್‌ನ ಗುಂಡಿಯನ್ನು ಹೆಬ್ಬೆರಳು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿತ್ತು. ಎರಡನೇ ಪ್ರಯಾಣಿಕರ ಹೊತ್ತಿಗೇ ಅದು ಶುರುವಾಗಿತ್ತು. ಅವರ ಮೊದಲ ಸೂಚನೆ ಆ ಹೆಬ್ಬೆರಳು. ಅದು ಗೊತ್ತಿದ್ದರೆ ಅಲ್ಲೇ ಕೈ ಸಡಿಲ ಬಿಟ್ಟು, ಒಂದು ಉದ್ದ ಉಸಿರು ಬಿಟ್ಟು, "ಇರ್ಲಿ ಕಾಕಾ, ಇಳಿಯೂ ಮುಂದ ಚಿಲ್ಲರ್ ಕೊಡ್ತೀನಿ" ಅನ್ನಲು ಸಾಧ್ಯವಿತ್ತು.

ನೀವೂ ಹೀಗೇ ಹಿಂದಕ್ಕೆ ನಡೆಯಿರಿ. ಕಳೆದ ವಾರ ಆದ ಒಂದು ಜಗಳವನ್ನೋ ಗಾಬರಿಯನ್ನೋ ತಗೊಳ್ಳಿ. ಬಹಳ ದೊಡ್ಡದು ಬೇಡ, ಸಾಧಾರಣದ್ದು ಸಾಕು. ಕೊನೆಯಿಂದ ಮೊದಲಿಗೆ ಒಂದೊಂದೇ ಬರೆಯಿರಿ. ಸಣ್ಣ ನೋಟ್‌ಬುಕ್ ಇರಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಹಾಕಿಕೊಳ್ಳಿ. ಹೊತ್ತು, ಜಾಗ, ಮೈಯಲ್ಲಿ ಆದದ್ದು, ಆಗ ಬಿಸಿಲು, ಹಸಿವು ಇತ್ತೋ ಇಲ್ಲವೋ. ಇಷ್ಟೇ. ಪುಸ್ತಕದ ಕನ್ನಡ ಬೇಡ. "ಎದಿ ಹೊಡ್ಕೊಂತು", "ಹೊಟ್ಯಾಗ ಸಂಕಟ ಆತು" ಅಂತ ನಾಲಿಗೆಗೆ ಬಂದ ಹಾಗೆ ಬರೆಯಿರಿ. ಎರಡು ಮೂರು ವಾರ ಬರೆದರೆ ಒಂದೇ ಸೂಚನೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ನಾಲ್ಕನೇ ಹೆಜ್ಜೆ: ಸೂಚನೆ ಸಿಕ್ಕಾಗ ಹೆದರಬೇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದೂ ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಈ ಹೆಜ್ಜೆಯೇ.

ಗಾಬರಿ ಬೆಳೆಯುವ ರೀತಿ ನೋಡಿ. ರಾತ್ರಿ ಮಲಗಿದಾಗ ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. "ಇದೇನು, ಹಾರ್ಟ್ ಅಟ್ಯಾಕಾ?" ಅನ್ನುವ ಯೋಚನೆ ಬರುತ್ತದೆ. ಆ ಯೋಚನೆಗೇ ಭಯವಾಗಿ ಎದೆಬಡಿತ ಏರಿಸುವ ಅಡ್ರಿನಲಿನ್ ಅನ್ನುವ ಹಾರ್ಮೋನು ಹರಿಯುತ್ತದೆ. ಎದೆ ಇನ್ನೂ ಜೋರಾಗುತ್ತದೆ. ನೋಡಿದೆಯಾ, ಜಾಸ್ತಿಯಾಯಿತು ಅಂತ ಭಯ ದುಪ್ಪಟ್ಟಾಗುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್, ಅಂದರೆ ಒಮ್ಮೆಲೇ ಏರುವ ವಿಪರೀತ ಗಾಬರಿಯ ಬಗ್ಗೆ ವಿವರಿಸಿದ್ದು ಈ ಸುಳಿಯನ್ನೇ. ಇಸಿಜಿ ಸರಿ ಇದೆ, ರಕ್ತ ಪರೀಕ್ಷೆ ಸರಿ ಇದೆ ಅಂತ ಡಾಕ್ಟರ್ ಹೇಳಿದ ಮೇಲೂ ಎದೆ ಡವಡವ ಅಂದಾಗಲೆಲ್ಲ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವವರು ನಮ್ಮ ನಡುವೆ ಇದ್ದಾರೆ. ಅವರ ಕಷ್ಟ ನಾಟಕವಲ್ಲ. ಅವರಿಗೆ ಆಗುವ ಭಯ ಪೂರ್ತಿ ನಿಜ. ಮನೆಯವರು "ಸುಮ್ನೆ ಟೆನ್ಷನ್ ತಗೋತಿ" ಅಂದುಬಿಟ್ಟರೆ ಅದು ಒಂದು ಚೂರೂ ಕಡಿಮೆಯಾಗುವುದಿಲ್ಲ.

ಸೂಚನೆ ಸಿಕ್ಕ ಕೂಡಲೇ ಮಾಡಬೇಕಾದ್ದು ಇಷ್ಟು. ಮೊದಲು ಪಾದ ನೆಲಕ್ಕೆ ಊರಿ. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಇರುತ್ತದಲ್ಲ, ಚಪ್ಪಲಿ ಬಿಟ್ಟು ಬರಿಗಾಲು ಇಡಿ. ಹಿಮ್ಮಡಿಗೆ ತಂಪು ತಾಗುತ್ತದೆ. ಎರಡು ಕಲ್ಲು ಕೂಡಿದಲ್ಲಿ ಇರುವ ಗೀರು ಬೆರಳಿಗೆ ಸಿಗುತ್ತದೆ. ಗಮನವನ್ನು ಅಲ್ಲಿಡಿ. ಎದೆ ಬಡಿಯುತ್ತಿರಲಿ, ಅದರ ಪಾಡಿಗೆ ಬಿಡಿ. ಪಾದ ಮತ್ತು ಎದೆ ಎರಡೂ ಒಟ್ಟಿಗೆ ಅರಿವಿನಲ್ಲಿ ಇರಲಿ.

ಆಮೇಲೆ ಉಸಿರು. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ವೇಗಸ್ ನರ ಮಾಡುವ ಕೆಲಸ ಇದು. ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಹೃದಯಕ್ಕೆ ನಿಧಾನಿಸಲು ಹೊತ್ತು ಸಿಗುತ್ತದೆ. ನಿಮಿಷಕ್ಕೆ ಆರು ಉಸಿರಿನಂತೆ ಎರಡು ಮೂರು ನಿಮಿಷ ಮಾಡಿ. ದೊಡ್ಡದಾಗಿ ಎಳೆದುಕೊಳ್ಳಬೇಡಿ, ತಲೆ ತಿರುಗುತ್ತದೆ. ಉಸಿರನ್ನು ಗಮನಿಸಿದರೇ ಗಾಬರಿ ಹೆಚ್ಚುವವರೂ ಇದ್ದಾರೆ. ಅವರು ಅದನ್ನು ಬಿಟ್ಟು ಪಾದದಲ್ಲೇ ಇರಲಿ.

ಮನಸ್ಸಿನಲ್ಲಿ ಒಂದು ಮಾತು ಹೇಳಿಕೊಳ್ಳಿ: "ಎದಿ ಬಡೀಲತ್ತದ. ಮೆಟ್ಟಲ ಹತ್ತಿದಾಗೂ ಹಿಂಗೇ ಬಡೀತದ." ಮೊದಲನೇ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿ ಎಣಿಸಿದ್ದು ಈಗ ಕೆಲಸಕ್ಕೆ ಬರುತ್ತದೆ. ಜೋರು ಬಡಿತ ತಾನಾಗಿ ಇಳಿದದ್ದನ್ನು ನೀವೇ ನೋಡಿದ್ದೀರಿ.

ಐದನೇ ಹೆಜ್ಜೆ: ಹೆಸರಿಟ್ಟು, ಅದಕ್ಕೆ ಏನು ಬೇಕು ಕೇಳಿ

ಭಾವನೆಗೆ ಮಾತಿನಲ್ಲಿ ಹೆಸರಿಟ್ಟರೆ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿಯುತ್ತದೆ ಅಂತ ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಎಲ್ಲದಕ್ಕೂ "ಟೆನ್ಷನ್" ಅಂದುಬಿಟ್ಟರೆ ಉಪಯೋಗವಿಲ್ಲ. ಸಿಟ್ಟಾ? ಅವಮಾನವಾ? ಹೊಟ್ಟೆಕಿಚ್ಚಾ? ದಿಗಿಲಾ? ಒಂಟಿತನವಾ? ಹೆಸರು ಸರಿ ಹೊಂದಿದಾಗ ಮೈ ಸ್ವಲ್ಪ ಸಡಿಲವಾಗುವುದನ್ನು ನೀವೇ ಗಮನಿಸಬಹುದು.

ಅವಮಾನವನ್ನು ಸಿಟ್ಟು ಅಂದುಕೊಂಡರೆ ಜಗಳಕ್ಕೆ ಹೋಗುತ್ತೇವೆ. ಅವಮಾನ ಅಂತ ತಿಳಿದರೆ ನೊಂದ ಮಾತನ್ನು ನೇರವಾಗಿ ಹೇಳಬಹುದು: "ನೀ ಎಲ್ಲರ ಮುಂದ ಹಂಗ ಅಂದಿದ್ದು ನನಗ ಸರಿ ಅನ್ನಿಸಲಿಲ್ಲ." ಬೇರೆ ರೀತಿ ಯೋಚಿಸಿ ನೋಡುವುದಕ್ಕೂ ಇದೇ ಸರಿಯಾದ ಹೊತ್ತು. ಮೈ ಕುದಿಯುತ್ತಿದ್ದಾಗ "ಅವರ ಜಾಗದಲ್ಲಿ ನಿಂತು ನೋಡು" ಅಂದರೆ ತಲೆಗೆ ಹೋಗುವುದಿಲ್ಲ. ನಾಲ್ಕನೇ ಹೆಜ್ಜೆ ಮುಗಿಸಿ ಬಂದರೆ ಹೋಗುತ್ತದೆ. ಕೆಲವೊಮ್ಮೆ ಯೋಚನೆ ಬದಲಿಸುವುದೇ ತಪ್ಪು. ಕೂಲಿ ಹಣ ಕೊಡದೆ ಸತಾಯಿಸುವವರ ಮೇಲೆ ಬಂದ ಸಿಟ್ಟು ಸರಿಯಾದದ್ದೇ. ಅದನ್ನು ತಣಿಸಿಕೊಂಡು ಸುಮ್ಮನಾಗುವ ಬದಲು, ನಾಲಿಗೆ ಹಿಡಿತದಲ್ಲಿಟ್ಟು ಹೋಗಿ ಕೇಳಬೇಕು.

ಮೈ ಮಂಕಾದಾಗ

ಇಲ್ಲಿಯ ತನಕ ಹೇಳಿದ್ದು ಮೈ ಏರುವ ಭಾವನೆಗಳ ಬಗ್ಗೆ. ದುಃಖದಲ್ಲಿ, ಸೋತಾಗ ಮೈ ಇಳಿಯುತ್ತದೆ. ಕೈಕಾಲು ಭಾರ, ಊಟ ಸೇರುವುದಿಲ್ಲ, ಮಾತು ಬೇಡ, ಮಲಗಿದರೂ ನಿದ್ದೆಯಿಲ್ಲ. ಏನೂ ಅನ್ನಿಸದೆ ಇರುವುದೂ ಒಂದು ಸೂಚನೆಯೇ. ನಮ್ಮ ಕಡೆ ಗಂಡಸರಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. "ಗಂಡಸಾಗಿ ಅಳ್ತೀಯಾ" ಅಂತ ಚಿಕ್ಕಂದಿನಿಂದ ಬಾಯಿ ಮುಚ್ಚಿಸಿದ್ದು ಎಷ್ಟೋ ಮನೆಗಳಿಗೆ ದುಬಾರಿಯಾಗಿದೆ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ತೊಗರಿ ಹೂವು, ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದು ಹೊಲ ಒಣಗಿತು ಅಂದುಕೊಳ್ಳಿ. ಮನೆಯ ಯಜಮಾನರು ಅಂಗಳದಲ್ಲಿ ಕೂತಿದ್ದಾರೆ. ತಾಟಿನಲ್ಲಿ ರೊಟ್ಟಿ ಹಾಗೇ ಇದೆ.

"ಯಾಕ್ರೀ, ಸುಮ್ಮ ಕುಂತೀರಿ?"

"ಏನಿಲ್ಲ. ತೆಲಿ ನೋಯ್ಲತ್ತದ."

ಇಲ್ಲಿ ಮಾತ್ರೆ ಕೊಟ್ಟು ಎದ್ದು ಹೋಗಬೇಡಿ. "ಧೈರ್ಯ ತಗೋರಿ" ಅಂದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಮೈಯ ಬಗ್ಗೆಯೇ ಕೇಳಿ.

"ತೆಲಿ ಒಂದೇ ಏನು, ಮತ್ತೆಲ್ಲೆರ ಏನರೆ ಆಗ್ಲತ್ತದ?"

"ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ಯದ."

"ಯಾವಾಗಿಂದ?"

ಬೇಸರ ಆಗಿದೆಯಾ ಅಂತ ಕೇಳಿದರೆ ಇಲ್ಲ ಅನ್ನುವವರೂ ಎಲ್ಲಿ ನೋಯುತ್ತಿದೆ ಅಂದರೆ ಹೇಳುತ್ತಾರೆ. ಅಲ್ಲಿಂದ ಮಾತು ಸಾಲದ ಕಡೆಗೋ ಮಗಳ ಮದುವೆಯ ಕಡೆಗೋ ಹೊರಳುತ್ತದೆ. "ಸಾಯಬೇಕು ಅನ್ನಿಸ್ತದ ಏನು?" ಅಂತ ಕೇಳಬೇಕಾಗಿ ಬಂದರೆ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಅವರ ಕೈಗೆ ಸಿಗದಂತೆ ಮನೆಯಿಂದ ಹೊರಗೆ ಸಾಗಿಸಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಂಕಾದ ಮೈಗೆ ಸುಮ್ಮನೆ ಕೂತು ಗಮನಿಸುವ ಅಭ್ಯಾಸ ಹೊಂದುವುದಿಲ್ಲ. ಕೂತಷ್ಟೂ ಯೋಚನೆ ಸುತ್ತುತ್ತದೆ. ಮೊದಲು ಮೈ ಅಲುಗಾಡಬೇಕು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಕಲಬುರಗಿಯವರಾದರೆ ಶರಣಬಸವೇಶ್ವರ ಕೆರೆಯ ಕಡೆಗೋ, ಬೀದರ್‌ನವರಾದರೆ ಕೋಟೆಯ ಕಡೆಗೋ, ಹಳ್ಳಿಯಾದರೆ ಹೊಲದ ದಾರಿಯಲ್ಲೋ ಸ್ವಲ್ಪ ದೂರ ನಡೆಯಿರಿ. ನಡೆಯುವಾಗ ಪಾದ ನೆಲಕ್ಕೆ ತಾಗುವುದನ್ನು, ಕೈ ಬೀಸುವುದನ್ನು ಗಮನಿಸಿ. ಜೊತೆಗೆ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ಮಕ್ಕಳ ವಿಷಯ ಒಂದೆರಡು ಮಾತು. ಪರೀಕ್ಷೆಯ ದಿನ "ಹೊಟ್ಟಿ ನೋಯ್ತದ" ಅನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಭಯದಲ್ಲಿ ಹೊಟ್ಟೆ ನಿಜವಾಗಿ ನೋಯುತ್ತದೆ. "ಎಲ್ಲಿ, ತೋರ್ಸು ಪುಟ್ಟಿ" ಅಂದು ಅಲ್ಲಿ ಕೈಯಿಡಿ, ಒಟ್ಟಿಗೇ ನಾಲ್ಕು ಉಸಿರು ಬಿಡಿ, ಆಮೇಲೆ ಶಾಲೆಗೆ ಕಳಿಸಿ.

ಯಾರು ಜಾಗ್ರತೆಯಿಂದ ಇರಬೇಕು?

ಹಿಂದೆ ಹೊಡೆತ, ದೌರ್ಜನ್ಯ, ಅಪಘಾತ ಕಂಡವರಿಗೆ ಮೈಯೊಳಗೆ ಗಮನ ಇಟ್ಟ ಕೂಡಲೇ ಹಳೆಯದೆಲ್ಲ ನುಗ್ಗಿ ಬರಬಹುದು. ಹಾಗಾದರೆ ಎದೆ, ಹೊಟ್ಟೆಯ ಕಡೆ ಹೋಗಬೇಡಿ. ಕಣ್ಣು ತೆರೆದೇ ಇರಲಿ. ಅಂಗೈಯಲ್ಲಿ ಲೋಟವೋ ಕಲ್ಲೋ ಹಿಡಿದು ಅದರ ತಂಪು, ಭಾರ ಗಮನಿಸಿದರೆ ಸಾಕು. ಅದೂ ಕಷ್ಟವಾದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ತಿಳಿದವರ ನೆರವಿನಲ್ಲಿ ಮಾಡಿ.

ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿದ್ದರೆ, ಗಾಬರಿಯಿಂದ ಬಸ್ಸು ಹತ್ತುವುದನ್ನೋ ಸಂತೆಗೆ ಹೋಗುವುದನ್ನೋ ಬಿಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ ಈ ಅಭ್ಯಾಸಗಳೊಂದೇ ಸಾಲವು. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ತಾಲೂಕಿಗೆ ಯಾವ ವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.

ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. ಡಾಕ್ಟರ್ ಮುಂದೆ ಕೂತಾಗ ಎಲ್ಲ ಮರೆತುಹೋಗಿ "ಟೆನ್ಷನ್ ಭಾಳ ಅದರೀ" ಅನ್ನುವುದೊಂದೇ ಬಾಯಿಗೆ ಬರುತ್ತದೆ. ಅದರ ಬದಲು ಬರೆದದ್ದನ್ನು ಓದಿ ಹೇಳಿ: ಎದೆ ಯಾವ ಹೊತ್ತಿಗೆ ಹೊಡೆದುಕೊಳ್ಳುತ್ತದೆ, ಎಷ್ಟು ನಿಮಿಷ ಇರುತ್ತದೆ, ಆಗ ಏನು ನಡೆಯುತ್ತಿರುತ್ತದೆ, ರಾತ್ರಿ ನಿದ್ದೆ ಎಷ್ಟು ತಾಸು, ಚಹಾ ಎಷ್ಟು ಸಲ, ಯಾವ ಮಾತ್ರೆ ನಡೆಯುತ್ತಿದೆ. ಹಳೆಯ ಚೀಟಿ, ಇಸಿಜಿ, ರಕ್ತ ಪರೀಕ್ಷೆಯ ಕಾಗದಗಳೂ ಜೊತೆಗಿರಲಿ. ನಿಮ್ಮ ಪರವಾಗಿ ಮಾತಾಡಲು ಅಲ್ಲದಿದ್ದರೂ, ಡಾಕ್ಟರ್ ಹೇಳಿದ್ದನ್ನು ನೆನಪಿಡಲು ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ.